ರಾತ್ರಿ ಒಂಬತ್ತರ ಮೇಲೆ ಮಂಗಳೂರು

ಕಳೆದ ಎರಡು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಹುಡುಗ ಹುಡುಗಿಯರದ್ದು. ಅದರಲ್ಲೂ ಬೇರೆ ಊರುಗಳಿಂದ ಮಂಗಳೂರಿಗೆ ಓದಲು ಬಂದವರದ್ದು. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದನ್ನೇ: ಕತ್ತಲಾದ ಮೇಲೆ ಈ ಊರಿನಲ್ಲಿ ನಾವೇನು ಮಾಡೋದು? ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಬೆಳಗಾವಿಯವನು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಮಂಗಳೂರು ದೊಡ್ಡ ಊರು ಅಂದುಕೊಂಡು ಬಂದೆ. ಒಂಬತ್ತು ಗಂಟೆಗೆ ಅಂಗಡಿ ಬಾಗಿಲು ಹಾಕುತ್ತವೆ, ಹತ್ತಕ್ಕೆ ಬಸ್ ಇಲ್ಲ. ಬೆಂಗಳೂರಿನಲ್ಲಿ ಓದುವ ಗೆಳೆಯರು ಫೋಟೋ ಕಳಿಸಿ ಹೊಟ್ಟೆ ಉರಿಸುತ್ತಾರೆ. ಇಲ್ಲಿ ನೈಟ್‌ಲೈಫ್ ಅನ್ನುವುದೇ ಇಲ್ವಾ?

ಉತ್ತರ: ಉಂಟು, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ. ಬೆಂಗಳೂರಿನಲ್ಲಿ ಶನಿವಾರ ಬಂದರೆ ಸಾಕು, ರಾತ್ರಿ ತಾನಾಗಿ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿನ ರಾತ್ರಿಗೆ ಒಂದು ಋತು ಇದೆ. ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ತಿಂಗಳ ಕೊನೆಗೆ ಪತ್ತನಾಜೆ ಬರುವವರೆಗೆ. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ. ಅವತ್ತು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮದಂಥ ಭೂತಾರಾಧನೆಗಳು ನಿಲ್ಲುತ್ತವೆ, ಮಳೆಗಾಲಕ್ಕೆ ಊರು ತಯಾರಾಗುತ್ತದೆ. ನೀವು ಆಗಸ್ಟಿನಲ್ಲಿ ಬಂದು, ಸುರಿವ ಮಳೆಯಲ್ಲಿ ಪೇಟೆ ನಡುವಿನ ಹಂಪನಕಟ್ಟೆಗೆ ಹೋಗಿ, ಏನೂ ಇಲ್ಲ ಅಂತ ತೀರ್ಮಾನ ಮಾಡಿರಬೇಕು ಅಲ್ವಾ? ಡಿಸೆಂಬರಿನಲ್ಲಿ ಇನ್ನೊಮ್ಮೆ ನೋಡಿ.

ಮೊದಲು ಒಂದು ಆಟ ನೋಡಿ. ನಮ್ಮಲ್ಲಿ ಯಕ್ಷಗಾನಕ್ಕೆ ಸುಮ್ನೆ ಆಟ ಅನ್ನುತ್ತಾರೆ. ಕಟೀಲು, ಧರ್ಮಸ್ಥಳದಂಥ ಮೇಳಗಳ ಆಟವನ್ನು ಯಾರೋ ಒಬ್ಬರು ಹರಕೆ ಹೊತ್ತು ಆಡಿಸುತ್ತಾರೆ. ಕಟೀಲಿನ ಆಟಕ್ಕಂತೂ ವರ್ಷಗಟ್ಟಲೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಟಿಕೆಟ್ ಇಲ್ಲ, ಆಮಂತ್ರಣ ಬೇಡ, ನಿಮ್ಮ ಜಾತಿ ಊರು ಯಾರೂ ಕೇಳುವುದಿಲ್ಲ. ಗದ್ದೆಯಲ್ಲಿ ಕುರ್ಚಿ ಹಾಕಿರುತ್ತಾರೆ, ಎಷ್ಟೋ ಕಡೆ ಊಟವನ್ನೂ ಹಾಕುತ್ತಾರೆ.

ರಂಗಸ್ಥಳದ ಎದುರು ಕೂರುವ ಮೊದಲು ಚೌಕಿಗೆ ಹೋಗಿ. ವೇಷ ಕಟ್ಟುವ ಜಾಗ ಅದು. ನಾನು ಮೊದಲ ಸಲ ನೋಡಿದ್ದು ಪದವಿ ಓದುವಾಗ, ಗೆಳತಿಯ ಊರಿನಲ್ಲಿ. ಸಾಲಾಗಿ ಚಾಪೆ, ಚಾಪೆಗೊಂದು ಪೆಟ್ಟಿಗೆ, ಪೆಟ್ಟಿಗೆಯ ಎದುರು ಸಣ್ಣ ಕನ್ನಡಿ. ಐವತ್ತು ದಾಟಿದ ಒಬ್ಬರು ಅಕ್ಕಿ ಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ಅದ್ದಿ ಕೆನ್ನೆಯ ಮೇಲೆ ಚುಟ್ಟಿ ಇಡುತ್ತಿದ್ದರು. ಒಂದೊಂದೇ ಚುಕ್ಕಿ. ಒಂದರ ಮೇಲೊಂದು ಏರಿ ಮುಳ್ಳಿನ ಸಾಲಿನ ಹಾಗೆ ನಿಲ್ಲಬೇಕು. ಗಂಟೆಗಟ್ಟಲೆ ಅದೇ ಕೆಲಸ. ನಡುವೆ ಯಾರೋ ಚಾ ತಂದುಕೊಟ್ಟರೆ ಬಣ್ಣ ಕೆಡದ ಹಾಗೆ ತುಟಿ ತುದಿಯಿಂದ ಕುಡಿದರು. ಮಧ್ಯರಾತ್ರಿ ಕಳೆದ ಮೇಲೆ ಅದೇ ಮನುಷ್ಯ ಮಹಿಷಾಸುರನಾಗಿ, ಕೈಯಲ್ಲಿ ದೊಂದಿ ಹಿಡಿದವರ ನಡುವೆ, ಜನರ ಹಿಂದಿನಿಂದ ಕೂಗುತ್ತಾ ಬಂದರು. ರಾಳದ ಪುಡಿ ಬಿದ್ದಾಗ ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತಿತ್ತು. ಮಕ್ಕಳು ನಿದ್ದೆಯಿಂದ ಎದ್ದು ಅತ್ತವು. ನನಗೂ ಕೈ ನಡುಗಿತ್ತು. ಆ ಚೆಂಡೆಯ ಪೆಟ್ಟು ಕಿವಿಗಿಂತ ಜಾಸ್ತಿ ಎದೆಗೆ ಬೀಳುತ್ತದೆ. ಯಾವ ಡಿಜೆ ಸೆಟ್ಟೂ ನನಗೆ ಅಷ್ಟು ನಾಟಿಲ್ಲ.

ಈಗ ಹೆಚ್ಚಿನ ಆಟಗಳು ಕಾಲಮಿತಿಯವು. ಸಂಜೆ ಶುರುವಾಗಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅನ್ನುವ 2000ದ ಶಬ್ದಮಾಲಿನ್ಯ ನಿಯಮದ ಬಿಸಿ ಒಂದು ಕಾರಣ. ಬೆಳಗ್ಗೆ ಕೆಲಸಕ್ಕೆ ಓಡಬೇಕಾದ ಜನ ರಾತ್ರಿಯಿಡೀ ಕೂರುವುದಿಲ್ಲ ಅನ್ನುವುದು ಇನ್ನೊಂದು. ಹಳಬರಿಗೆ ಬೇಸರವಿದೆ, ನನಗೂ ಇದೆ. ಆದರೆ ಮರುದಿನ ಎಂಟೂವರೆಗೆ ಲ್ಯಾಬ್ ಇರುವ ನಿಮಗೆ ಇದೇ ಅನುಕೂಲ. ಎಲ್ಲಿ ಆಟ ಅಂತ ತಿಳಿಯಲು ಸ್ಥಳೀಯ ಪತ್ರಿಕೆಯ ಒಳಪುಟದಲ್ಲಿ "ಇಂದಿನ ಯಕ್ಷಗಾನ" ಪಟ್ಟಿ ನೋಡಿ. ತರಗತಿಯಲ್ಲಿ ಇಲ್ಲಿಯವರೇ ಯಾರಾದರೂ ಇದ್ದರೆ ಅವರನ್ನು ಕೇಳಿ, ಕರೆದುಕೊಂಡೇ ಹೋಗುತ್ತಾರೆ. ಭಾಷೆ ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇಡ, ಇಂಥ ಮೇಳಗಳಲ್ಲಿ ಮಾತು ಹೆಚ್ಚಾಗಿ ಕನ್ನಡ, ಅದೂ ಒಂದೂ ಇಂಗ್ಲಿಷ್ ಪದ ಸೇರದ ಕನ್ನಡ.

ಪ್ರಶ್ನೆ: ದೇರಳಕಟ್ಟೆಯಲ್ಲಿ ಓದುತ್ತಿದ್ದೇನೆ. ನಮ್ಮ ಪಿಜಿ ಬಾಗಿಲು ರಾತ್ರಿ ಎಂಟೂವರೆಗೆ ಬಂದ್. ಹುಡುಗರ ಹಾಸ್ಟೆಲ್‌ಗೆ ಹತ್ತೂವರೆ. ಬೇರೆ ಧರ್ಮದ ಕ್ಲಾಸ್‌ಮೇಟ್ ಜೊತೆ ಐಸ್‌ಕ್ರೀಂ ತಿನ್ನಲು ಹೋಗುವುದಕ್ಕೂ ಹೆದರಿಕೆ ಆಗುತ್ತದೆ. ಅಮ್ಮ ದಿನಾ ಫೋನ್ ಮಾಡಿ "ಅಲ್ಲಿ ಪಬ್ ಗಲಾಟೆ ಆಗಿತ್ತಲ್ಲ" ಅನ್ನುತ್ತಾರೆ. ಹುಡುಗಿಯರಿಗೆ ಈ ಊರಿನ ರಾತ್ರಿ ಇಲ್ವಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಓದುವಾಗ ನಮ್ಮ ಗೇಟು ಏಳಕ್ಕೇ ಬೀಳುತ್ತಿತ್ತು. ಒಂದು ಸಂಜೆ ಬಸ್ ಕೆಟ್ಟು ಇಪ್ಪತ್ತು ನಿಮಿಷ ತಡವಾಗಿ ಬಂದ ಮೂವರು ಹುಡುಗಿಯರನ್ನು ಗೇಟಿನ ಹೊರಗೇ ನಿಲ್ಲಿಸಿ, ಒಬ್ಬೊಬ್ಬರ ಮನೆಗೂ ಫೋನ್ ಮಾಡಿದ ಮೇಲೆ ಒಳಗೆ ಬಿಟ್ಟರು. ಸುರಕ್ಷತೆಯ ಹೆಸರಿನಲ್ಲಿ ಮೂವರು ಹುಡುಗಿಯರನ್ನು ಮುಕ್ಕಾಲು ಗಂಟೆ ಕತ್ತಲಲ್ಲಿ ರಸ್ತೆ ಬದಿ ನಿಲ್ಲಿಸಿದ್ದರು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ನಿಮ್ಮ ಅಮ್ಮ ಹೇಳುವುದು ಸುಳ್ಳಲ್ಲ. 2009ರ ಜನವರಿಯಲ್ಲಿ ನಗರದ ಪಬ್ಬೊಂದಕ್ಕೆ ಗುಂಪು ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿತು. 2012ರ ಜುಲೈಯಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದವರ ಮೇಲೆ ದಾಳಿ ಆಯಿತು. ಎರಡನ್ನೂ ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೂ ಮೊದಲ ಪ್ರಕರಣದ ಆರೋಪಿಗಳು 2018ರಲ್ಲಿ, ಎರಡನೆಯದರವರು 2024ರಲ್ಲಿ ಖುಲಾಸೆಯಾದರು. 2023ರ ಜೂನ್‌ನಲ್ಲಿ ಗೃಹ ಸಚಿವರು ಮಂಗಳೂರಿಗೆ ಬಂದು, ಇಂಥ ಪುಂಡಾಟಿಕೆ ತಡೆಯಲು ಪೊಲೀಸ್ ಕಮಿಷನರೇಟಿನಲ್ಲಿ ಬೇರೆಯೇ ದಳ ಮಾಡುವುದಾಗಿ ಹೇಳಿ ಹೋದರು. ಇಷ್ಟೆಲ್ಲ ಇರುವಾಗ ಹೆದರಬೇಡಿ ಅಂತ ಸುಲಭಕ್ಕೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಳಗೇ ಕೂತಿರಿ ಅಂತಲೂ ಹೇಳಲಾರೆ. ನೀವು ಕ್ಲಾಸ್‌ಮೇಟ್ ಜೊತೆ ಐಸ್‌ಕ್ರೀಂ ತಿನ್ನುವುದು ಯಾವ ಕಾನೂನಿನಲ್ಲೂ ತಪ್ಪಲ್ಲ, ಯಾವ ಮರ್ಯಾದೆಯ ಲೆಕ್ಕದಲ್ಲೂ ತಪ್ಪಲ್ಲ.

ಯಾರಾದರೂ ಬಂದು ಹೆಸರೇನು, ಜೊತೆಗಿರುವವನು ಯಾರು, ಐಡಿ ಕಾರ್ಡ್ ತೋರಿಸು ಅಂದರೆ ತೋರಿಸಬೇಡಿ. ಪೊಲೀಸರಲ್ಲದ ಯಾರಿಗೂ ಆ ಹಕ್ಕಿಲ್ಲ. ಅಲ್ಲೇ ನಿಂತು ವಾದಕ್ಕೂ ಇಳಿಯಬೇಡಿ. ಬೆಳಕಿರುವ ಅಂಗಡಿಯೊಳಗೆ ಹೋಗಿ, ಮೆಡಿಕಲ್ ಶಾಪ್, ಹೋಟೆಲ್, ಪೆಟ್ರೋಲ್ ಪಂಪ್, ಯಾವುದಾದರೂ ಸರಿ. 112ಕ್ಕೆ ಕರೆ ಮಾಡಿ, ಜಾಗದ ಹೆಸರು ಮೊದಲು ಹೇಳಿ, ಆಮೇಲೆ ವಿಷಯ. ಜೊತೆಯಲ್ಲಿರುವ ಇನ್ನೊಬ್ಬರು ಬೈಕ್ ನಂಬರ್ ಬರೆದುಕೊಳ್ಳಲಿ. ದೂರು ಕೊಡಲು ಹೋದರೆ "ಇದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ" ಅಂತ ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲೂ ಝೀರೋ ಎಫ್‌ಐಆರ್ ಬರೆದುಕೊಳ್ಳಬೇಕು.

ಇನ್ನು ಎಂಟೂವರೆಯ ಬಾಗಿಲು. ಖಾಸಗಿ ಪಿಜಿಯಾದರೆ ಕೇಳಿ ಒಪ್ಪಿಸುವುದೊಂದೇ ದಾರಿ. ಹತ್ತು ಹುಡುಗಿಯರು ಒಟ್ಟಿಗೆ ಹೋಗಿ, ತಿಂಗಳಿಗೆ ನಾಲ್ಕು ದಿನ ಹತ್ತೂವರೆವರೆಗೆ ಬಿಡಿ, ರಿಜಿಸ್ಟರಿನಲ್ಲಿ ಬರೆದು ಹೋಗುತ್ತೇವೆ ಅಂತ ಕೇಳಿ. ಒಬ್ಬಳೇ ಕೇಳಿದರೆ "ಈ ಹುಡುಗಿ ಸರಿಯಿಲ್ಲ" ಅನ್ನುತ್ತಾರೆ, ಹತ್ತು ಜನ ಕೇಳಿದರೆ ಬಾಡಿಗೆ ಲೆಕ್ಕ ಹಾಕುತ್ತಾರೆ. ಕಾಲೇಜಿನದೇ ಹಾಸ್ಟೆಲ್ ಆಗಿದ್ದರೆ ನಿಮ್ಮ ಕೈಯಲ್ಲಿ ಇನ್ನೂ ಗಟ್ಟಿ ಆಧಾರ ಉಂಟು. ಲೈಂಗಿಕ ಕಿರುಕುಳ ತಡೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2015ರಲ್ಲಿ ಮಾಡಿದ ನಿಯಮಾವಳಿಯಲ್ಲಿ, ಸುರಕ್ಷತೆಯ ಕಾರಣ ಹೇಳಿ ಹುಡುಗಿಯರ ಹಾಸ್ಟೆಲಿಗೆ ಹುಡುಗರಿಗಿಲ್ಲದ ಕಟ್ಟುಪಾಡು ಹೇರಬಾರದು ಅಂತ ಸ್ಪಷ್ಟವಾಗಿ ಇದೆ. ಅದನ್ನು ಪ್ರಿಂಟ್ ಹಾಕಿ, ಅರ್ಜಿಯ ಜೊತೆ ಪಿನ್ ಮಾಡಿ ಕೊಡಿ. ವಾರ್ಡನ್ನರಲ್ಲಿ ಎಷ್ಟೋ ಜನ ಅದನ್ನು ಓದಿರುವುದಿಲ್ಲ.

ದೇರಳಕಟ್ಟೆಯಿಂದ ಪೇಟೆಗೆ ಹತ್ತು ಹನ್ನೆರಡು ಕಿಲೋಮೀಟರ್. ಬರುವ ದಾರಿಯನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಹೊರಡಿ. ನಾಲ್ವರು ಸೇರಿ ಟ್ಯಾಕ್ಸಿ ಮಾಡಿದರೆ ತಲೆಗೆ ಬೀಳುವುದು ಜಾಸ್ತಿ ಏನಿಲ್ಲ.

ಪ್ರಶ್ನೆ: ನಾವು ಏಳು ಜನ ಗೆಳೆಯರು. ಪರೀಕ್ಷೆ ಮುಗಿದ ದಿನ ರಾತ್ರಿ ಬೀಚಿನಲ್ಲಿ ಬೆಂಕಿ ಹಾಕಿ, ಅಲ್ಲೇ ಮಲಗಿ, ಬೆಳಗ್ಗೆ ಈಜಿ ಬರುವ ಪ್ಲಾನ್. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ, ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಇದೆ. ನಮ್ಮ ಕಾಲೇಜಿನ ಒಬ್ಬ ಹುಡುಗ ಹೀಗೇ ಪರೀಕ್ಷೆ ಮುಗಿದ ಸಂಜೆ ಸಮುದ್ರಕ್ಕೆ ಇಳಿದ. ಕತ್ತಲಾಗಿತ್ತು. ಸೊಂಟದ ಮಟ್ಟದ ನೀರು. ಅವನಿಗೆ ಈಜು ಬರುತ್ತಿತ್ತು, ಘಟ್ಟದ ಮೇಲಿನ ಹೊಳೆಯಲ್ಲಿ ಕಲಿತಿದ್ದ. ಗೆಳೆಯರು ದಡದಲ್ಲಿ ಮೊಬೈಲ್ ಇಲ್ಲದ ಕಾಲದ ಟಾರ್ಚ್ ಹಿಡಿದು ಹೆಸರು ಕೂಗುತ್ತಲೇ ಇದ್ದರು. ಮೂರನೇ ದಿನ ಸಿಕ್ಕಿದ. ಅವನ ಅಪ್ಪ ಹಾಸ್ಟೆಲಿಗೆ ಬಂದು, ಒಗೆದು ಒಣಗಲು ಹಾಕಿದ್ದ ಅವನ ಅಂಗಿಯನ್ನು ಹಗ್ಗದಿಂದ ತೆಗೆದು ಮಡಚಿ ಚೀಲಕ್ಕೆ ಹಾಕಿಕೊಂಡದ್ದು ನನ್ನ ಕಣ್ಣ ಮುಂದೆ ಹಾಗೇ ಉಂಟು.

ಸಮುದ್ರಕ್ಕೂ ಹೊಳೆಗೂ ವ್ಯತ್ಯಾಸ ಏನೆಂದರೆ, ದಡಕ್ಕೆ ಬಡಿದ ನೀರು ವಾಪಸ್ ಹೋಗಲು ತನಗೊಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಅಲೆ ಕಡಿಮೆ ಇರುತ್ತದೆ, ನೀರು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಆ ದಾರಿಯಿಂದ ಹೊರಗೆ ಬರಬಹುದು. ಹಗಲಲ್ಲಿ ಇದನ್ನು ಕಣ್ಣಿಟ್ಟು ನೋಡಿ ಗುರುತಿಸಬಹುದು, ರಾತ್ರಿ ಏನೂ ಕಾಣುವುದಿಲ್ಲ, ಕಾವಲಿನವರೂ ಇರುವುದಿಲ್ಲ. ಸೋಮೇಶ್ವರದಲ್ಲಿ ಬಂಡೆಗಳು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೂ ನೀರಿಗೆ ಇಳಿಯುವ ಮಾತೇ ಬೇಡ.

ಸಮುದ್ರ ಬೇಕೇ ಬೇಕು ಅಂತಾದರೆ ಸಂಜೆ ನಾಲ್ಕಕ್ಕೆ ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅಲ್ಲಿದೆ. ಅದರ ಪಕ್ಕದಿಂದಲೇ ದೋಣಿ ಹತ್ತಿ, ಗುರುಪುರ ಹೊಳೆ ದಾಟಿದರೆ ತಣ್ಣೀರುಬಾವಿ. ಸೂರ್ಯ ಮುಳುಗುವವರೆಗೆ ಕೂತು ಬನ್ನಿ. ಕೊನೆಯ ದೋಣಿ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕೇಳಿಕೊಳ್ಳಿ. ತಪ್ಪಿದರೆ ಕುಳೂರು ಸುತ್ತಿ ಬರಬೇಕಾಗುತ್ತದೆ. ಏಳು ಜನ ರಾತ್ರಿಯಿಡೀ ಹರಟೆ ಹೊಡೆಯಬೇಕು ಅಷ್ಟೇ ತಾನೇ? ಯಾರದಾದರೂ ಮನೆಯ ತಾರಸಿ ಸಾಕು.

ಪ್ರಶ್ನೆ: ನನಗೆ 19. ಫ್ರೆಂಡ್ಸ್ ಪಬ್ಬಿಗೆ ಬಾ ಅನ್ನುತ್ತಾರೆ. ಐಡಿ ಯಾರೂ ನೋಡಲ್ಲ ಅಂತೆ. ಹೋಗಲಾ?

ಉತ್ತರ: ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ಮದ್ಯ ಕೊಡುವಂತಿಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಮಾತು ಬಂದು ಅಲ್ಲಿಗೇ ನಿಂತಿತು. ಎರಡು ವರ್ಷ ಕಾಯಿರಿ, ಓಡಿ ಹೋಗುವಂಥದ್ದು ಏನಲ್ಲ. ನಿಮಗಿಂತ ದೊಡ್ಡವರು ಕುಡಿದು ಬೈಕ್ ಕೀ ತೆಗೆದರೆ ನೀವು ಹಿಂದೆ ಕೂರಬೇಡಿ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸಿಕ್ಕರೆ ಮೊದಲ ಸಲವೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆ ದಂಡಕ್ಕಿಂತ ನನಗೆ ಹೆದರಿಕೆ ನಂತೂರು, ಪಂಪ್‌ವೆಲ್ ಸರ್ಕಲ್‌ಗಳದ್ದು, ಮತ್ತೆ ಬೈಕಂಪಾಡಿ ಕಡೆ ರಾತ್ರಿ ಓಡುವ ಟ್ಯಾಂಕರುಗಳದ್ದು. ಪಾರ್ಟಿಯಲ್ಲಿ ಯಾರಾದರೂ ಮಾತ್ರೆಯೋ ಪುಡಿಯೋ ಕೊಟ್ಟರೆ ಅಲ್ಲಿಂದ ಆಗಲೇ ಎದ್ದು ಬನ್ನಿ. ಈ ಊರಿನಲ್ಲಿ ವೃತ್ತಿಪರ ಕೋರ್ಸು ಓದುತ್ತಿದ್ದ ಮಕ್ಕಳೇ ಆ ಕೇಸುಗಳಲ್ಲಿ ಜೈಲು ನೋಡಿದ್ದಾರೆ.

ಪ್ರಶ್ನೆ: ರಾತ್ರಿ ಹತ್ತರ ಮೇಲೆ ಹಸಿವಾದರೆ ಮಂಗಳೂರಿನಲ್ಲಿ ಎಲ್ಲಿ ತಿನ್ನಬೇಕು? ಮೆಸ್ಸಿನ ಸಾರು ಸಾಕಾಗಿದೆ.

ಉತ್ತರ: ಹತ್ತಕ್ಕಿಂತ ಸ್ವಲ್ಪ ಮೊದಲು ಹೊರಟರೆ ನಿಮ್ಮ ಆಯ್ಕೆ ಜಾಸ್ತಿ. ಮೊದಲು ಚರುಮುರಿ. ಗಾಡಿಯವನು ಅಗಲವಾದ ಪಾತ್ರೆಗೆ ಮಂಡಕ್ಕಿ ಸುರಿದು, ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಮಾವಿನಕಾಯಿ ಕಾಲವಾದರೆ ಅದರ ತುಂಡು, ಖಾರದ ಪುಡಿ, ಉಪ್ಪು, ನೆಲಗಡಲೆ ಹಾಕಿ, ಕೊನೆಗೆ ಒಂದು ಚಮಚ ತೆಂಗಿನೆಣ್ಣೆ ಬಿಟ್ಟು ಟಕಟಕ ಅಂತ ಕಲಸುತ್ತಾನೆ. ಆ ತೆಂಗಿನೆಣ್ಣೆಯೇ ಇಲ್ಲಿನ ಗುಟ್ಟು. ಬಯಲುಸೀಮೆಯವರು ಮೊದಲ ಸಲ ಮೂಗು ಮುರಿಯುತ್ತಾರೆ, ಮೂರನೇ ಸಲ ಅದಿಲ್ಲದೆ ತಿನ್ನುವುದಿಲ್ಲ. ಕಾಗದದ ಪೊಟ್ಟಣದಲ್ಲಿ ಕೊಟ್ಟ ಕೂಡಲೇ ತಿಂದುಬಿಡಿ, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ.

ಆಮೇಲೆ ಐಸ್‌ಕ್ರೀಂ. 1975ರಲ್ಲಿ ಶುರುವಾದ ಐಡಿಯಲ್ ನಮ್ಮ ಊರಿನ ಹೆಮ್ಮೆ. ಅವರದೇ ಲಾಲ್‌ಬಾಗಿನ ಪಬ್ಬಾಸ್‌ನಲ್ಲಿ ರಜಾದಿನದ ರಾತ್ರಿ ಕುರ್ಚಿಗೆ ಕಾಯಬೇಕು. ಗಡ್‌ಬಡ್ ತೆಗೆದುಕೊಳ್ಳಿ. ಎತ್ತರದ ಗ್ಲಾಸಿನಲ್ಲಿ ಎರಡು ಮೂರು ಬಗೆಯ ಐಸ್‌ಕ್ರೀಂ, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ, ಉದ್ದದ ಚಮಚ. ಒಂದು ಗ್ಲಾಸಿಗೆ ಇಬ್ಬರು ಸಾಕು. ಅಲ್ಲಿ ಕೂತವರನ್ನು ಒಮ್ಮೆ ನೋಡಿ. ಅಜ್ಜಿ, ಮೊಮ್ಮಗು, ಬುರ್ಖಾ ಹಾಕಿದ ಅಕ್ಕತಂಗಿಯರು, ಚರ್ಚಿನಿಂದ ಬಂದ ಕುಟುಂಬ, ಹಾಸ್ಟೆಲ್ ಹುಡುಗರು, ಎಲ್ಲರೂ ಒಂದೇ ಕೋಣೆಯಲ್ಲಿ. ಇದು ನನಗೆ ತುಂಬ ಇಷ್ಟದ ನೋಟ.

ರಂಜಾನ್ ತಿಂಗಳಲ್ಲಿ ಬಂದರು ಪ್ರದೇಶ, ಕುದ್ರೋಳಿ ಕಡೆ ಹೋಗಲೇಬೇಕು. ಉಪವಾಸ ಬಿಟ್ಟ ಮೇಲೆ ಬೀದಿ ಎಚ್ಚರವಾಗುತ್ತದೆ, ರಾತ್ರಿಯ ತರಾವೀಹ್ ನಮಾಜ್ ಮುಗಿದ ಮೇಲೆ ಇನ್ನೂ ಜಾಸ್ತಿ. ಸಮೋಸ, ಕಬಾಬ್, ಹಣ್ಣಿನ ರಸ. ಹುಡುಗಿಯರು ಗುಂಪಾಗಿ ಆರಾಮವಾಗಿ ಹೋಗಿ ಬರುತ್ತಾರೆ. ಬಾಕಿ ದಿನಗಳಲ್ಲಿ ಹನ್ನೊಂದು ದಾಟಿದರೆ ಸೆಂಟ್ರಲ್ ರೈಲ್ವೆ ನಿಲ್ದಾಣದ ಆಸುಪಾಸಿನಲ್ಲಿ ಚಾ, ಆಮ್ಲೆಟ್ ಸಿಗಬಹುದು, ಅಷ್ಟೇ. ರಾತ್ರಿ ಮೀನೂಟ ಕೇಳಿಕೊಂಡು ಅಲೆಯಬೇಡಿ, ಇಲ್ಲಿ ಮೀನೂಟ ಮಧ್ಯಾಹ್ನದ್ದು.

ಪ್ರಶ್ನೆ: ಮಗ ಮಂಗಳೂರಿನಲ್ಲಿ ಬಿಕಾಂ ಓದುತ್ತಿದ್ದಾನೆ. ನಮ್ಮದು ಚಿಕ್ಕಮಗಳೂರು ಕಡೆ. ಪ್ರತಿ ಶನಿವಾರ ಕಂಬಳ, ನೈಟ್ ಕಬಡ್ಡಿ ಅಂತ ರಾತ್ರಿಯಿಡೀ ಹೊರಗಿರುತ್ತಾನೆ. ಹಾಳಾಗುತ್ತಾನೆ ಅಂತ ಭಯ.

ಉತ್ತರ: ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ ಅಂತಾದರೆ ಅವನು ಒಳ್ಳೆಯ ಕಡೆಯೇ ಇದ್ದಾನೆ. ನವೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ ವಾರಾಂತ್ಯಕ್ಕೊಂದು ಕಂಬಳ ಇರುತ್ತದೆ. ಶನಿವಾರ ಬೆಳಗ್ಗೆ ಶುರುವಾದದ್ದು ಭಾನುವಾರದವರೆಗೆ ಎಳೆಯುತ್ತದೆ. ಜೋಡುಕರೆ ಅಂದರೆ ಅಕ್ಕಪಕ್ಕ ಎರಡು ಕೆಸರಿನ ಓಟದ ದಾರಿ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗಗಳು. ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟು, ಓಟ ಮುಗಿಯುವ ಮಂಜೊಟ್ಟಿ ಮುಟ್ಟುವುದು ಹನ್ನೆರಡು ಹದಿಮೂರು ಸೆಕೆಂಡಿನ ಮಾತು. ಕನೆ ಹಲಗೆಯಲ್ಲಿ ಮಾತ್ರ ವೇಗದ ಲೆಕ್ಕ ಇಲ್ಲ, ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ರಾತ್ರಿ ಎರಡು ಗಂಟೆಗೆ, ಫ್ಲಡ್‌ಲೈಟಿನ ಬೆಳಕಿನಲ್ಲಿ, ಆ ನೀರು ಬೆಳ್ಳಗೆ ಮೇಲೆದ್ದು ಬಟ್ಟೆ ಒದ್ದೆಯಾದಾಗ ಸಾವಿರಾರು ಜನ ಒಟ್ಟಿಗೆ ಹೋ ಎನ್ನುವುದನ್ನು ನಾನು ಬಂಟ್ವಾಳದ ಕಡೆ ಒಂದು ಕಂಬಳದಲ್ಲಿ ನೋಡಿದ್ದೇನೆ. ನನ್ನ ಪಕ್ಕ ನಿಂತ ಅಜ್ಜ ಕೋಣದ ಹೆಸರು ಹೇಳಿ ಕಣ್ಣು ಒರೆಸಿಕೊಂಡರು.

ಕಂಬಳ ನಿಷೇಧದ ಅಂಚಿಗೆ ಹೋಗಿ ಬಂದ ಕ್ರೀಡೆ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಮೇ 18ರಂದು, ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾನೂನನ್ನು ಎತ್ತಿ ಹಿಡಿದ ಮೇಲೆ ಜನರಿಗೆ ನಿರಾಳವಾಯಿತು. ಕೋಣಕ್ಕೆ ಹೊಡೆಯುವುದನ್ನು ಪೂರ್ತಿ ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ, ಅದನ್ನೂ ನಿಮ್ಮ ಮಗನ ಹತ್ತಿರ ಮಾತಾಡಿ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾಟಗಳೂ ಹಾಗೇ, ಊರಿನ ಯುವಕ ಮಂಡಲಗಳು ಹಣ ಒಟ್ಟು ಮಾಡಿ ನಡೆಸುವಂಥವು.

ನೀವು ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಬೈಕಿನಲ್ಲಿ ಹೋಗುತ್ತಾನೆ, ಎಷ್ಟು ಜನ ಕೂರುತ್ತಾರೆ, ಹೆಲ್ಮೆಟ್ ಉಂಟಾ, ನಿದ್ದೆಗಣ್ಣಿನಲ್ಲಿ ವಾಪಸ್ ಓಡಿಸುವವರು ಯಾರು? ಓಟದ ಮೇಲೆ ಬಾಜಿ ಕಟ್ಟುವವರ ಸಹವಾಸ ಇದೆಯಾ? ಇವಕ್ಕೆ ನೇರ ಉತ್ತರ ಬಂದರೆ ಒಂದು ಸಲ ನೀವೂ ಘಟ್ಟ ಇಳಿದು ಬನ್ನಿ, ಅವನ ಜೊತೆಯೇ ಒಂದು ಕಂಬಳ ನೋಡಿ.

ಪ್ರಶ್ನೆ: ನಾನು ಒಬ್ಬನೇ ಇರುವ ಸ್ವಭಾವದವನು. ಕುಡಿಯಲ್ಲ, ಗಲಾಟೆ ಆಗಲ್ಲ, ತುಳುವೂ ಬರಲ್ಲ. ಸಂಜೆ ರೂಮಿನಲ್ಲಿ ಕೂತರೆ ಮನಸ್ಸು ಕುಗ್ಗುತ್ತದೆ.

ಉತ್ತರ: ಶಕ್ತಿನಗರದ ಕಲಾಂಗಣಕ್ಕೆ ಹೋಗಿ ನೋಡಿ. ಮಾಂಡ್ ಸೊಭಾಣ್ ಎಂಬ ಕೊಂಕಣಿ ಸಂಸ್ಥೆ ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಅಲ್ಲಿ ಹಾಡು, ನೃತ್ಯ, ನಾಟಕದ ಕಾರ್ಯಕ್ರಮ ಮಾಡುತ್ತದೆ. ವರ್ಷಗಳಿಂದ ತಪ್ಪದೆ ನಡೆದು ಬಂದಿದೆ. ಕೊಂಕಣಿ ಬರದಿದ್ದರೂ ಹಾಡು ಕೇಳಲು ಏನು ಅಡ್ಡಿ? ಪುರಭವನದಲ್ಲಿ ತುಳು ನಾಟಕ ಇರುವ ದಿನ ಹೋಗಿ ಕೊನೆಯ ಸಾಲಿನಲ್ಲಿ ಕೂರಿ. ಜನ ನಗುವಾಗ ಪಕ್ಕದವರು ತಾವಾಗಿಯೇ ಅರ್ಥ ಹೇಳುತ್ತಾರೆ, ನಾನು ತುಳು ಕಲಿತದ್ದು ಹಾಗೆಯೇ.

ದಸರಾ ರಜೆಗೆ ಊರಿಗೆ ಓಡಬೇಡಿ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಿಂದ ವಿಜಯದಶಮಿಯ ಸಂಜೆ ಮೆರವಣಿಗೆ ಹೊರಟು, ಇಡೀ ಪೇಟೆ ಸುತ್ತಿ, ಮರುದಿನ ಬೆಳಗ್ಗೆ ವಾಪಸ್ ಬರುತ್ತದೆ. ಅಷ್ಟೂ ದಾರಿಗೆ ದೀಪ. ನವರಾತ್ರಿಯುದ್ದಕ್ಕೂ ಹುಲಿವೇಷದ ತಾಸೆಯ ಪೆಟ್ಟು ಬೀದಿಬೀದಿಯಲ್ಲಿ ಕೇಳುತ್ತದೆ. ಆ ರಾತ್ರಿ ಒಬ್ಬರೇ ನಡೆದರೂ ಒಬ್ಬರೇ ಅನ್ನಿಸುವುದಿಲ್ಲ. ಮನಸ್ಸು ಕುಗ್ಗುವುದು ವಾರಗಟ್ಟಲೆ ಹಾಗೇ ಮುಂದುವರಿದರೆ, ನಿದ್ದೆ ಊಟ ತಪ್ಪಿದರೆ, ದಯವಿಟ್ಟು ವೈದ್ಯರ ಹತ್ತಿರ ಹೋಗಿ. 14416ಕ್ಕೆ ಕರೆ ಮಾಡಿದರೆ ಟೆಲಿಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನಗೂ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಕೊನೆಯ ಸೆಮಿಸ್ಟರ್. ಮೇ ಕೊನೆಗೆ ಮಂಗಳೂರು ಬಿಡುತ್ತಿದ್ದೇವೆ, ನಾಲ್ವರು ಗೆಳತಿಯರು. ಒಂದೇ ಒಂದು ರಾತ್ರಿ ಪೂರ್ತಿ ಎಚ್ಚರ ಇರಬೇಕು ಅಂತ ಆಸೆ. ಹೇಗೆ ಕಳೆಯಲಿ?

ಉತ್ತರ: ಪತ್ತನಾಜೆಗೆ ಮೊದಲಿನ ಒಂದು ಶನಿವಾರ ಆರಿಸಿಕೊಳ್ಳಿ. ಗೊತ್ತಿರುವ ಡ್ರೈವರ್ ಇರುವ ಒಂದು ಕಾರು ಮಾಡಿ, ಇಡೀ ರಾತ್ರಿಗೆ ಮಾತಾಡಿ. ಆಟೋದಲ್ಲಿ ಹೋಗುವುದಾದರೆ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು ಬಾಡಿಗೆ, ಅದು ನಿಯಮವೇ, ಜಗಳ ಬೇಡ. ಸಂಜೆ ಆಟಕ್ಕೆ ಹೋಗಿ ಕೂರಿ. ಮಧ್ಯರಾತ್ರಿ ಮುಗಿಯುತ್ತದೆ. ಅಲ್ಲಿಂದ ನಿಮ್ಮಲ್ಲಿ ಯಾರದಾದರೂ ಮನೆಗೆ ಬಂದು, ಚಾ ಮಾಡಿ, ನಾಲ್ಕು ವರ್ಷದ ಕಥೆ ಮಾತಾಡಿ. ಮಲಗಬೇಡಿ.

ನಾಲ್ಕೂವರೆಗೆ ಬಂದರಿನ ದಕ್ಕೆಗೆ, ಅಂದರೆ ಮೀನಿನ ಬೋಟುಗಳು ನಿಲ್ಲುವ ಕಟ್ಟೆಗೆ, ಹೋಗಿ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ನೆಲ ಪೂರ್ತಿ ನೀರು, ಮಂಜುಗಡ್ಡೆ, ಮೀನಿನ ಹುರುಪೆ. ಬೋಟುಗಳು ಒಂದರ ಪಕ್ಕ ಒಂದು ತಾಗಿ ನಿಂತಿರುತ್ತವೆ. ಬುಟ್ಟಿ ಬುಟ್ಟಿಯಾಗಿ ಬಂಗುಡೆ, ಬೂತಾಯಿ ಇಳಿಯುತ್ತದೆ. ಮೀನು ಮಾರುವ ಹೆಂಗಸರು ಎರಡು ಗಂಟೆ ರಾತ್ರಿಗೇ ಎದ್ದು ಬಂದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಏಲಂ ಕೂಗುವವನ ಮುಂದೆ ನಿಂತು, ಅವನಿಗಿಂತ ಜೋರಾಗಿ ಬೆಲೆ ಕೂಗುತ್ತಾರೆ. ದಾರಿಗೆ ಅಡ್ಡ ನಿಲ್ಲಬೇಡಿ, ಕೇಳದೆ ಫೋಟೋ ತೆಗೆಯಬೇಡಿ. ಅವರಲ್ಲಿ ಒಬ್ಬರ ಹತ್ತಿರ ಒಂದು ಕಿಲೋ ಬಂಗುಡೆ ಕೊಂಡು ತಂದು ಮನೆಯಲ್ಲಿ ಹುಳಿ ಖಾರದ ಪುಳಿಮುಂಚಿ ಮಾಡಿ. ದಕ್ಕೆಯಿಂದ ಹೊರಗೆ ಬರುವಷ್ಟರಲ್ಲಿ ಬೆಳಕಾಗಿರುತ್ತದೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೊದಲ ಬಸ್ಸುಗಳೂ ಹೊರಟಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ದಕ್ಕೆ ಖಾಲಿ ಇರುತ್ತದೆ. ಅದಕ್ಕೆ ಮೊದಲೇ ಹೋಗಿ ಬನ್ನಿ.